ಹಿಮ್ಮಡಿ

ಮೊದಲು ಪಾದ ಬಿಚ್ಚಬೇಕು.
ಮಿಷನ್ನಿನ ಪಾದ; ಒಂದೇ ತಿರುಪು, ಹೆಬ್ಬೆರಳು ಸಾಕು.
ಆಮೇಲೆ ತಟ್ಟೆಯ ಹಲ್ಲನ್ನು ತಗ್ಗಿಸಿಬಿಡಬೇಕು,
ಬಟ್ಟೆಯನ್ನು ಅದು ತನ್ನಿಷ್ಟಕ್ಕೆ ಎಳೆಯದ ಹಾಗೆ.
ಇನ್ನು ಎಳೆಯುವವಳು ನಾನು.

ದುರ್ಗಿಗುಡಿಯ ಲಾಜರ್ ಮಾಸ್ತರು ಇಷ್ಟು ಹೇಳಿಕೊಟ್ಟು ನಕ್ಕಿದ್ದರು:
‘ಕಾಲುಚೀಲಕ್ಕೆ ಯಾರಮ್ಮ ರಫು ಹಾಕ್ತಾರೆ,
ಬಸ್‌ಸ್ಟ್ಯಾಂಡಿನ ಮುಂದೆ ನೂರಕ್ಕೆ ಮೂರು ಜೊತೆ.’
ನೂರಕ್ಕೆ ಮೂರರ ಹಣೆಬರಹ ನನಗೆ ಗೊತ್ತು ಮಾಸ್ತರೇ,
ಎರಡು ಒಗೆತಕ್ಕೆ ಸೊಳ್ಳೆಪರದೆ.

ಮೊದಲ ಸಲ ಮೇಲಿನ ಪದರಕ್ಕೆ ಕೆಳಗಿನದನ್ನೂ ಸೇರಿಸಿ ಹೊಲಿದಿದ್ದೆ.
ಬೆಳಗಿನ ನಾಲ್ಕೂವರೆಗೆ, ಮೊದಲ ಟ್ರಿಪ್ಪಿಗೆ ಹೊರಟವರು
ಮಂಚದ ಅಂಚಿಗೆ ಕೂತು ಕಾಲು ತೂರಿಸಿದರು,
ತೂರಿಸಿದರು, ಕಾಲು ನಡುದಾರಿಯಲ್ಲೇ ನಿಂತಿತು.
‘ರಸ್ತೆ ಬಂದ್ ಮಾಡಿದ್ದೀಯಲ್ಲೇ’ ಅಂದರು.
ಆ ದಿನ ಬರಿಗಾಲಿಗೆ ಬೂಟು. ಸಂಜೆ ಬೊಬ್ಬೆ.

ಇವರದು ಹರಿಯುವುದು ಯಾವಾಗಲೂ ಬಲಗಾಲಿನದು,
ಅದೂ ಹಿಮ್ಮಡಿಯಲ್ಲಿ, ನಾಲ್ಕಾಣೆ ಅಗಲ.
ಎಡಗಾಲಿನದು ಹೊಸದರ ಹಾಗೇ; ಕ್ಲಚ್ಚಿಗೆ ಅಷ್ಟು ಸಿಟ್ಟಿಲ್ಲ.
ಆಗುಂಬೆಯ ತಿರುವು ಹದಿನಾಲ್ಕು. ಇಳಿಯುವಾಗ ಒಂದೊಂದಕ್ಕೂ
ಹಿಮ್ಮಡಿ ಊರಿ, ಬೆರಳ ಬುಡದಿಂದ ಬ್ರೇಕು.
ಹನ್ನೊಂದು ವರ್ಷ. ಲೆಕ್ಕ ಹಾಕಲು ಹೋಗಿ ಬಿಟ್ಟಿದ್ದೇನೆ.

ನನ್ನ ರಫೂ ಹಾಗೇ: ಹೋಗು, ತುದಿಯಲ್ಲಿ ತಿರುಗು, ವಾಪಸು ಬಾ,
ಒಂದು ಎಳೆಯಷ್ಟು ಸರಿದು ಮತ್ತೆ ಹೋಗು.
ಅಡಿಗೆ ಹಳೇ ಬನಿಯನ್ನಿನ ತುಂಡು.
ಕಾಲಿನ ತುಳಿತ ಒಂದೇ ಸಮ ಇರಬೇಕು; ಅವಸರಪಟ್ಟರೆ
ಸೂಜಿ ಮುರಿಯುತ್ತದೆ, ನಿಂತರೆ ದಾರ ಗುಡ್ಡೆ.
ಘಾಟಿಯನ್ನು ನಾನು ನೋಡಿದ್ದು ಒಮ್ಮೆ,
ಯಾರದೋ ಮದುವೆ ದಿಬ್ಬಣದಲ್ಲಿ, ವಾಂತಿ ಮಾಡುತ್ತ.
ಉಳಿದದ್ದೆಲ್ಲ ಈ ತೂತಿನಿಂದಲೇ.

ಮೆಗ್ಗಾನ್ ಆಸ್ಪತ್ರೆಯಲ್ಲಿ ನರ್ಸಮ್ಮ
ಇವರ ಕಣ್ಣು ಮುಚ್ಚಿಸಿ, ಒಂದು ನೈಲಾನ್ ಎಳೆಯಿಂದ
ಅಂಗಾಲನ್ನು ಅಲ್ಲಲ್ಲಿ ಮುಟ್ಟಿದಳು.
‘ಶುರು ಮಾಡಿ ಸಿಸ್ಟರ್’ ಅಂದರು ಇವರು.
ಅವಳು ಆಗಲೇ ಆರು ಕಡೆ ಮುಟ್ಟಿಯಾಗಿತ್ತು.

ಸಕ್ಕರೆ. ಸ್ಟೇರಿಂಗ್ ಹೋಯಿತು.
ಈಗ ಬಸ್‌ಸ್ಟ್ಯಾಂಡಿನ ಗಾಜಿನ ಗೂಡಿನಲ್ಲಿ ಲೈಟ್ ಡ್ಯೂಟಿ,
ಬಂದ ಬಸ್ಸು ಹೋದ ಬಸ್ಸು ಬರೆದುಕೊಂಡು ಮೈಕಿನಲ್ಲಿ
‘ತೀರ್ಥಹಳ್ಳಿ, ಆಗುಂಬೆ, ಉಡುಪಿ, ಪ್ಲಾಟ್‌ಫಾರಂ ನಾಲ್ಕು.’
ಮರದ ಕುರ್ಚಿ, ಫ್ಯಾನು. ಬೂಟು ಮಾತ್ರ ಕಡ್ಡಾಯ.
ಇನ್ನು ಮಿಷನ್ನಿಗೆ ರಜೆ ಅಂದುಕೊಂಡೆ,
ಕಪ್ಪು ದಾರದ ಉಂಡೆಯನ್ನು ಡಬ್ಬಿಯ ತಳಕ್ಕೆ ಹಾಕಿದೆ.

ಮೂರನೇ ವಾರ, ಒಗೆಯುವ ಕಲ್ಲಿನ ಹತ್ತಿರ,
ಒಳಗೆ ಕೈ ತೂರಿಸಿದರೆ,
ಬಲಗಾಲಿನದೇ,
ನನ್ನ ಬೆರಳ ಗೆಣ್ಣು ಹೊರಗೆ ಬಂತು.

ಕೇಳಲಿಲ್ಲ. ಒಂದು ಮಧ್ಯಾಹ್ನ ಸೊಪ್ಪಿನ ಚೀಲ ಹಿಡಿದು
ಆ ಗೂಡಿನ ಮುಂದೆ ಹಾದುಹೋದೆ, ಗೊತ್ತಿಲ್ಲದವಳ ಹಾಗೆ.
ಕಂಡಕ್ಟರ್ ಹುಡುಗ ಸೀಟಿ ಊದುತ್ತಿದ್ದ,
ಆಗುಂಬೆ ಬಸ್ಸು ಹಿಂದಕ್ಕೆ ಸರಿಯುತ್ತಿತ್ತು.
ಇವರ ಕಣ್ಣು ಪುಸ್ತಕದಲ್ಲಿ, ಕೈಯಲ್ಲಿ ಪೆನ್ನು.
ಮೇಜಿನ ಕೆಳಗೆ ಬಲದ ಬೂಟು ಸಿಮೆಂಟಿಗೆ ಹಿಮ್ಮಡಿ ಕೊಟ್ಟು
ನಿಧಾನ ಒತ್ತುತ್ತಿತ್ತು. ಬಿಡುತ್ತಿತ್ತು. ಮತ್ತೆ ಒತ್ತುತ್ತಿತ್ತು,
ಎಳೆ ಮುಟ್ಟಿದ್ದು ತಿಳಿಯದ ಕಾಲು.

ಒಳಗೊಂದು ಗಂಟೂ ಇರಬಾರದು ಅಂದಿದ್ದಳು ನರ್ಸಮ್ಮ,
ಇವರಿಗೆ ತಿಳಿಯುವುದು ಹುಣ್ಣಾದ ಮೇಲೇ.
ಹಾಗಾಗಿ ಈಗ ಗಂಟು ಹಾಕುವುದಿಲ್ಲ. ದಾರದ ತುದಿಯನ್ನು
ಎರಡು ಸಾಲು ಹಿಂದಕ್ಕೆ ಓಡಿಸಿ, ಕತ್ತರಿಸಿ,
ಒಳಮಗ್ಗುಲು ಹೊರಗೆ ಮಾಡಿ ಕೆನ್ನೆಗೆ ಒತ್ತಿ ನೋಡುತ್ತೇನೆ.
ಚುಚ್ಚಿದರೆ ಬಿಚ್ಚಿ ಮತ್ತೆ ಮೊದಲಿಂದ.

ಮೊನ್ನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.
‘ಅದೇನೇ, ವಾಸನೆ ಬರಲ್ವಾ?’
‘ಒಗೆದಿದ್ದು’ ಅಂದೆ.